ಹೆಬ್ಬಾವಿನ ಬಾಗಿಲಿಗೆ ಇಬ್ಬರು

ಯೆವ್ಲೆ
೧೨ ಅಕ್ಟೋಬರ್ ೧೯೯೬, ಶನಿವಾರ

ಗುನೆಲ್,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಿಲ್ಲವಾದರೆ ಓದು. ಹಾಕಿದ್ದರೆ ಒಂದು ಮಧ್ಯಾಹ್ನ ದಂಡವಾಯಿತು, ಅಷ್ಟೆ. ನಿನ್ನ ವಿಳಾಸವನ್ನು ಸಿಗ್ನೆಯಕ್ಕನ ಹೆಸರು ಹಿಡಿದು ಟೆಲಿಫೋನ್ ಪುಸ್ತಕದಲ್ಲಿ ಹುಡುಕಿದೆ. ಫೋನನ್ನೇ ಮಾಡಬಹುದಿತ್ತು. ಎರಡು ಸಲ ನಂಬರು ತಿರುಗಿಸಿ ಇಟ್ಟುಬಿಟ್ಟೆ. ನನ್ನ ದನಿ ಕೇಳಿದರೆ ನಿನ್ನ ಅಕ್ಕ ಏನನ್ನುತ್ತಾಳೋ ನನಗೆ ಗೊತ್ತು.

ನೀನು ಲೂಲಿಯೋಗೆ ಹೋಗಿ ಒಂದೂವರೆ ವರ್ಷವಾಯಿತು. ಹೇಗಿದ್ದೀಯ ಎಂದು ಕೇಳಲು ನಾಚಿಕೆ. ಅದಕ್ಕೇ ಟೀರಾಳ ಸಮಾಚಾರ ಹೇಳುತ್ತೇನೆ. ಚೆನ್ನಾಗಿದ್ದಾಳೆ. ಎಪ್ಪತ್ತೊಂಬತ್ತರಲ್ಲಿ ನಾವಿಬ್ಬರೂ ಸೇರಿ ಪ್ರಾಣಿ ಅಂಗಡಿಯಿಂದ ತಂದಾಗ ನನ್ನ ಏಪ್ರನ್ ಜೇಬಿನಲ್ಲಿ ಹಿಡಿಸುತ್ತಿದ್ದ ಹೆಬ್ಬಾವು ಈಗ ನಾಲ್ಕು ಮೀಟರು ಮೀರಿದೆ. ಆಗಸ್ಟಿನಲ್ಲಿ ಪೊರೆ ಬಿಟ್ಟಳು, ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು. ಅದನ್ನು ಸೋಫಾದ ಮೇಲೆ ಹಾಸಿ ಒಬ್ಬಳೇ ನೋಡಿದೆ. ನೀನಿದ್ದಿದ್ದರೆ ಅಳತೆ ಟೇಪು ತರುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ಹಾವು ಸಾಕುವವರ ಸಂಘದ ರೋಲ್ಫ್ ಉಣಿಸುವಾಗ ಬಂದು ಜೊತೆಗೆ ನಿಲ್ಲುತ್ತಿದ್ದ. ಏಪ್ರಿಲ್‌ನಲ್ಲಿ ಅವನ ಹೆಂಡತಿ "ಹಾವು ಬೇಕೋ ನಾನು ಬೇಕೋ" ಎಂದಳಂತೆ. ಅವನು ಯೋಚಿಸಲು ಒಂದು ವಾರ ತೆಗೆದುಕೊಂಡ, ಅದೇ ತಪ್ಪಾಯಿತು. ಅಂದಿನಿಂದ ಯಾರೂ ಇಲ್ಲ. ನಿಯಮ ನನಗೆ ನೀನು ಹೇಳಬೇಕಾಗಿಲ್ಲ, ಊರಿಗೆಲ್ಲ ಹೇಳಿಕೊಡುವವಳೇ ನಾನು: ಮೂರು ಮೀಟರು ದಾಟಿದ ಹಾವಿನ ಬಾಗಿಲು ತೆಗೆಯಲು ಇಬ್ಬರು ಬೇಕು. ಒಬ್ಬರು ಚಿಮಟದಲ್ಲಿ ಮೊಲ ಹಿಡಿದು ಉಣಿಸಬೇಕು, ಇನ್ನೊಬ್ಬರು ಹಿಂದೆ ವೋಡ್ಕಾ ಬಾಟಲಿ ಹಿಡಿದು ನಿಲ್ಲಬೇಕು. ಕೈ ಕಚ್ಚಿ ಸುತ್ತಿಕೊಂಡರೆ ಬಾಯಿಗೆ ಎರಡು ತೊಟ್ಟು ಬಿಡಬೇಕು, ತಾನಾಗಿ ಬಿಡುತ್ತದೆ. ಕೊನೆಗೆ ಬಾಗಿಲ ಚೀಟಿಯಲ್ಲಿ ಇಬ್ಬರೂ ಸಹಿ ಹಾಕಬೇಕು.

ಏಪ್ರಿಲ್‌ನಿಂದ ಎಂಟು ಸಲ ಒಬ್ಬಳೇ ಉಣಿಸಿದ್ದೇನೆ. ಚೀಟಿಯಲ್ಲಿ ಎಂಟು ಸಾಲು ಅರ್ಧ ಖಾಲಿ. ಜನವರಿಯಲ್ಲಿ ನಾನು ನಡೆಸುವ ಹೊಸಬರ ತರಗತಿಗೆ ಮೊದಲು ಸಂಘದ ಅಧ್ಯಕ್ಷ ಫೊರ್ಸ್‌ಲುಂಡ್ ಬಂದು ಚೀಟಿ ನೋಡುತ್ತಾನೆ. ಒಂಟಿ ಸಹಿ ಕಂಡರೆ ಟೀರಾಳನ್ನು ಒಯ್ದುಬಿಡುತ್ತಾರೆ. ನಿನ್ನ ಹೆಸರು ಇನ್ನೂ ಸಂಘದ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ನೀನು ನನ್ನ ಮನೆಯಲ್ಲೇ ಉಳಿದಿದ್ದೆ ಎಂದು ಹೇಳುತ್ತೇನೆ. ಚೀಟಿ ಇದರ ಜೊತೆಗಿದೆ. ಎಂಟು ಸಹಿ, ಎರಡು ನಿಮಿಷದ ಕೆಲಸ.

ಇಷ್ಟು ದಿನ ಬಿಟ್ಟು ಕಾಗದ ಬರೆದು ಇದನ್ನು ಕೇಳುತ್ತಿದ್ದಾಳಲ್ಲ ಎಂದು ಬೈಯಬಹುದು. ಬೈದುಕೊಂಡೇ ಹಾಕು.

ನಿನ್ನ,
ಬಾರ್ಬ್ರೋ


ಲೂಲಿಯೋ
೩ ನವೆಂಬರ್ ೧೯೯೬

ಬಾರ್ಬ್ರೋ,

ಚೀಟಿ ವಾಪಸು ಕಳಿಸಿದ್ದೇನೆ. ಮೊದಲ ಸಾಲಿನಲ್ಲಿ ಮಾತ್ರ ಸಹಿ ಇದೆ, ನೋಡು. ಅದನ್ನು ಹಾಕಲು ನಾಲ್ಕು ನಿಮಿಷ ಹಿಡಿಯಿತು. ಈಗ ನನ್ನ ಸಹಿ ಹೀಗಿದೆ. ಎಡಗೈಯದು. ಹಳೆಯ ಚೀಟಿಗಳಲ್ಲಿ ಹದಿನಾರು ವರ್ಷದ ನನ್ನ ಬಲಗೈ ಸಹಿ ಇದೆ, ಫೊರ್ಸ್‌ಲುಂಡ್ ಕುರುಡನಲ್ಲ.

ಬಲಗೈಯ ಹೆಬ್ಬೆರಳು ಮಡಚುವುದಿಲ್ಲ. ಸೂಜಿ ನಿಲ್ಲುವುದಿಲ್ಲ. ಹೊಲಿಗೆ ಯಂತ್ರವನ್ನು ಅಕ್ಕನ ಮಗಳಿಗೆ ಕೊಟ್ಟೆ. ಈಗ ಚರ್ಚಿನ ಹಳೆಬಟ್ಟೆ ಅಂಗಡಿಯಲ್ಲಿ ವಾರಕ್ಕೆ ಮೂರು ದಿನ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತೇನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ನನ್ನದೊಂದು ಪ್ರಶ್ನೆ. ಜನವರಿ ತರಗತಿಯಲ್ಲಿ ಹೊಸಬರಿಗೆ ಈಗಲೂ ನನ್ನ ಕತೆ ಹೇಳುತ್ತೀಯಾ?

ಒಬ್ಬಳೇ ಬಾಗಿಲು ತೆಗೆಯಬೇಡ.

ಗುನೆಲ್


ಯೆವ್ಲೆ
೨೪ ನವೆಂಬರ್ ೧೯೯೬

ಪ್ರೀತಿಯ ಗುನೆಲ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಚೀಟಿಯನ್ನು ಅಡುಗೆಮನೆ ಮೇಜಿನ ಮೇಲಿಟ್ಟಿದ್ದೆ, ದಿನವೂ ಕಾಫಿ ಕುಡಿಯುವಾಗ ಆ ಸಹಿ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಡ್ರಾಯರಿಗೆ ಹಾಕಿದೆ. ನಿನ್ನ ಅಕ್ಷರ ಎಷ್ಟು ಚೆಂದವಿತ್ತು! ಕ್ರಿಸ್‌ಮಸ್ ಕಾರ್ಡುಗಳ ಮೇಲೆ ವಿಳಾಸ ಬರೆಯಲು ನಾನು ನಿನ್ನನ್ನೇ ಕೂರಿಸುತ್ತಿದ್ದೆನಲ್ಲ.

ಪಾರ್ಸೆಲ್‌ನಲ್ಲಿ ಕಾಫಿಪುಡಿ ಕಳಿಸಿದ್ದೇನೆ. ಕಾಫಿ ಕಾರ್ಖಾನೆಯಲ್ಲಿ ನನ್ನಂಥ ನಿವೃತ್ತರಿಗೆ ಈಗಲೂ ತಿಂಗಳಿಗೆ ಎರಡು ಪೊಟ್ಟಣ ಕೊಡುತ್ತಾರೆ. ಆ ಉತ್ತರದ ಕಡೆ ನೀವು ಕುಡಿಯುವುದು ಕಾಫಿಯಲ್ಲ, ಪಾತ್ರೆ ತೊಳೆದ ನೀರು ಎನ್ನುವುದು ನನ್ನ ಹಳೆಯ ಅಭಿಪ್ರಾಯ.

ಇಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ. ಮನೆಯಲ್ಲಿ ಬೆಚ್ಚಗಿರುವುದು ಟೀರಾಳ ಕೋಣೆಯೊಂದೇ, ಮೂವತ್ತು ಡಿಗ್ರಿ. ನಾನೂ ಹೆಣಿಗೆ ತೆಗೆದುಕೊಂಡು ಅಲ್ಲೇ ಗಾಜಿನ ಮುಂದೆ ಕೂರುತ್ತೇನೆ. ಅವಳು ನನ್ನನ್ನು ನೋಡುವುದಿಲ್ಲ, ನಾನು ಅವಳನ್ನು ನೋಡುತ್ತೇನೆ. ಮೂರನೇ ಮಹಡಿಯ ಏಕ್‌ಮಾರ್ಕ್ ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿ, "ಒಬ್ರೇ ಮಾತಾಡ್ಕೊತೀರಂತೆ, ಕೆಳಗೆ ಬಟ್ಟೆ ಒಗ್ಯೋ ಕೋಣೆ ಗಾಳಿಕೊಳವೇಲಿ ಕೇಳ್ಸತ್ತೆ" ಎಂದಳು. "ಒಬ್ಳೇ ಅಲ್ಲ, ನಾವಿಬ್ರು ಇದೀವಿ" ಎಂದೆ. ಅವಳು ಮೇಲೆ ಹೋಗುವವರೆಗೆ ತಿರುಗಿ ತಿರುಗಿ ನೋಡಿದಳು.

ಫ್ರೀಜರಿನಿಂದ ತೆಗೆದ ಮೊಲದ ಮಂಜು ಕರಗಿಸಿದ ಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತೇನೆ, ಏಪ್ರನ್ ಬದಲಿಸುತ್ತೇನೆ, ಬೀಗ ಎರಡು ಸಲ ಎಳೆದು ನೋಡುತ್ತೇನೆ. ಎಚ್ಚರ ತಪ್ಪುವುದಿಲ್ಲ. ನೀನು ಹೆದರಬೇಡ.

ಸಿಗ್ನೆಯಕ್ಕನಿಗೆ ನಮಸ್ಕಾರ ಹೇಳು, ತೆಗೆದುಕೊಂಡರೆ.

ನಿನ್ನ,
ಬಾರ್ಬ್ರೋ


ಲೂಲಿಯೋ
೯ ಡಿಸೆಂಬರ್ ೧೯೯೬

ಬಾರ್ಬ್ರೋ,

ಕಾಫಿ ಚೆನ್ನಾಗಿದೆ. ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಅದನ್ನು ಯಾಕೆ ಕೇಳಿದೆ ಎಂದು ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ಹಲ್ಲು ತೋರಿಸಲು ಹೋಗಿದ್ದೆ. ಅಲ್ಲಿ ಹೊಸ ನರ್ಸ್ ಒಬ್ಬಳಿದ್ದಾಳೆ, ನಲವತ್ತರ ಆಸುಪಾಸು, ಬಲು ಮಾತಿನವಳು. ನನ್ನ ಬಾಯಿಗೆ ಹತ್ತಿ ತುರುಕಿ, ಡಾಕ್ಟರು ಬರುವವರೆಗೆ ಬೇಜಾರಾಗದಿರಲಿ ಎಂದು ತನ್ನ ಕತೆ ಶುರು ಮಾಡಿದಳು. ಅವಳ ಮನೆಯಲ್ಲಿ 'ಜೋಳದ ಹಾವು' ಎನ್ನುವ ವಿಷವಿಲ್ಲದ ಪುಟ್ಟ ಹಾವು ಇದೆಯಂತೆ. ಅದನ್ನು ಸಾಕುವ ಮೊದಲು ಯೆವ್ಲೆಯಲ್ಲಿ ತರಗತಿಗೆ ಹೋಗಿದ್ದಳಂತೆ.

"ಅಲ್ಲೊಬ್ರು ಬಾರ್ಬ್ರೋ ಅಂತ, ಎಷ್ಟ್ ಚೆನ್ನಾಗ್ ಹೇಳ್ಕೊಟ್ರು ಗೊತ್ತಾ? ನಂಗಿನ್ನೂ ನೆನಪಿರೋದು ಆ ಗುನೆಲ್ ಕತೆ. ಯಾವಳೋ ಪೆದ್ದಿ ಕಣ್ರೀ. ಜೊತೆಗಿದ್ದೋಳು ಹೊರಗ್ ಹೋಗೋದನ್ನೇ ಕಾದು, ಒಬ್ಳೇ ಬಾಗ್ಲು ತೆಗ್ದು ಕೈ ಹಾಕಿದ್ಳಂತೆ! ಈಗ ನಮ್ಮೆಜಮಾನ್ರು ಬೀಗ ಹಾಕದ್ ಮರ್ತ್ರೆ ಸಾಕು, 'ಗುನೆಲ್ ಥರ ಮಾಡ್ಬೇಡಿ' ಅಂತ ಬೈತೀನಿ. ನೋವಾಯ್ತಾ? ಇನ್ನೂ ಸ್ವಲ್ಪ ಬಾಯಿ ಅಗಲಿಸಿ."

ನನ್ನ ಬಲಗೈ ಅವರು ಹೊದಿಸಿದ್ದ ಬಟ್ಟೆಯ ಕೆಳಗಿತ್ತು. ಬಾಯಿಯಲ್ಲಿ ಹತ್ತಿ. ನಾನು ಚಾವಣಿ ನೋಡುತ್ತಾ ಮಲಗಿದ್ದೆ. ಅವಳು ಒಳ್ಳೆಯವಳು ಬಾರ್ಬ್ರೋ, ಕಣ್ಣಲ್ಲಿ ನೀರು ಬಂದದ್ದು ಹಲ್ಲಿನ ನೋವಿಗೆ ಎಂದುಕೊಂಡು ಒರೆಸಿದಳು.

ಏಳುನೂರು ಕಿಲೋಮೀಟರು ದೂರ ಬಂದರೂ ನನ್ನ ಹೆಸರು ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ. ಕುರ್ಚಿಯಲ್ಲಿ ಅಲ್ಲಾಡದೆ ಕೂರುವ ಕಲೆ ಮಾತ್ರ ಚೆನ್ನಾಗಿ ಕಲಿತೆ.

ಗುನೆಲ್


ಯೆವ್ಲೆ
೨೯ ಡಿಸೆಂಬರ್ ೧೯೯೬

ಗುನೆಲ್,

ಹಬ್ಬದ ಶುಭಾಶಯ ಬರೆಯಲು ಕೂತು ಮೂರು ಕಾಗದ ಹರಿದೆ. ನಿನ್ನ ಹಲ್ಲಿನ ಕತೆ ಓದಿದ ಮೇಲೆ ಕೇಸರಿ ಬನ್ನು ಬೇಯಿಸುವ ಮನಸ್ಸಾಗಲಿಲ್ಲ.

ಒಂದು ಸಂಗತಿ ನಡೆಯಿತು, ನಿನಗಲ್ಲದೆ ಯಾರಿಗೂ ಹೇಳುವಂತಿಲ್ಲ. ಇಪ್ಪತ್ತೊಂದರ ಶನಿವಾರ ಟೀರಾಳಿಗೆ ಉಣಿಸಬೇಕಿತ್ತು. ಒಬ್ಬಳೇ ತೆಗೆದೆ. ಮೊಲವನ್ನು ಚೆನ್ನಾಗಿಯೇ ಹಿಡಿದಳು, ಸುತ್ತಿದಳು. ನಾನು ಬಾಗಿಲು ಸರಿಸಬೇಕು, ಅಷ್ಟರಲ್ಲಿ ಬಾಲ ಹೊರಬಂದು ನನ್ನ ಮೊಣಕಾಲಿಗೆ ಒಂದು ಸುತ್ತು ಹಾಕಿತು. ಸಿಟ್ಟಿನಿಂದಲ್ಲ, ಹಿಡಿತಕ್ಕೆ ಏನೋ ಬೇಕಿತ್ತು, ನನ್ನ ಕಾಲು ಸಿಕ್ಕಿತು. ಬಾಟಲಿ ನನ್ನ ಏಪ್ರನ್ ಜೇಬಿನಲ್ಲೇ ಇತ್ತು. ಆದರೆ ಅವಳ ಬಾಯಿ ಮೊಲದ ಮೇಲಿದೆ, ಮೂರು ಮೀಟರು ಆಚೆ. ಬಾಟಲಿ ಇಟ್ಟುಕೊಂಡು ಏನು ಮಾಡಲಿ? ಗೋಡೆ ಹಿಡಿದು ನಿಂತೆ. ಗಡಿಯಾರ ಎದುರಿಗೇ ಇತ್ತು. ಅವಳು ನುಂಗಲು ಶುರು ಮಾಡಿ ಬಾಲ ಸಡಿಲಿಸುವವರೆಗೆ ಆರು ನಿಮಿಷ.

ಆರು ನಿಮಿಷ ಇಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ನಿನ್ನದು ಹನ್ನೊಂದು.

ಕಾಲು ನೀಲಿಗಟ್ಟಿದೆ, ಬೇರೇನಿಲ್ಲ.

ನಾನು ಯೋಚಿಸಿದೆ. ಈ ಜನವರಿಯ ತರಗತಿಯಲ್ಲಿ ನಿನ್ನ ಕತೆ ಹೇಳುವುದೇ ಇಲ್ಲ. ಇನ್ನು ಯಾವತ್ತೂ ಹೇಳುವುದಿಲ್ಲ. ಆಯಿತಲ್ಲ?

ಬಾರ್ಬ್ರೋ


ಲೂಲಿಯೋ
೧೪ ಜನವರಿ ೧೯೯೭

ಬಾರ್ಬ್ರೋ,

ಆಗಲಿಲ್ಲ.

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಅಕ್ಕ "ನಾ ಬರ್ಕೊಡ್ಲಾ?" ಎಂದಳು. ಬೇಡ ಎಂದೆ. ಇದು ನಮ್ಮಿಬ್ಬರ ನಡುವಿನದು.

ತೊಂಬತ್ತೈದರ ಮಾರ್ಚ್ ಹದಿನೆಂಟು, ಶನಿವಾರ. ನಾನು ಚಿಮಟ ಹಿಡಿದಿದ್ದೆ, ನೀನು ಹಿಂದೆ. ಬಾಗಿಲು ಆಗಲೇ ತೆರೆದಿತ್ತು. ಟೀರಾ ಮೊಲದ ಕಡೆ ತಲೆ ಎತ್ತಿದ್ದಳು. ಆಗ ಮನೆ ಬಾಗಿಲಿನ ಗಂಟೆ ಬಾರಿಸಿತು. ಏಕ್‌ಮಾರ್ಕ್ ನಿಂತಿದ್ದಳು, ಕೆಳಗೆ ಕಟ್ಟಡದವರೆಲ್ಲ ಬಳಸುವ ಬಟ್ಟೆ ಒಗೆಯುವ ಕೋಣೆಯಲ್ಲಿ ನಿನ್ನ ಸರದಿ ಎರಡು ಗಂಟೆಗೇ ಮುಗಿಯಿತು, ಮೆಷಿನ್ನಿನಿಂದ ನಿನ್ನ ಬಟ್ಟೆ ತೆಗೆದು ನೆಲಕ್ಕೆ ಹಾಕುತ್ತೇನೆ ಎಂದಳು. ನೀನು ನನ್ನ ಕಡೆ ತಿರುಗಿ "ಎರಡೇ ನಿಮಿಷ ಕಣೇ, ಅಲ್ಲಾಡ್ಬೇಡ" ಎಂದೆ. ಹೋದೆ. ಬಾಟಲಿ ನಿನ್ನ ಏಪ್ರನ್ ಜೇಬಿನಲ್ಲಿ ಹೋಯಿತು.

ನನ್ನದೂ ತಪ್ಪಿದೆ. ನಾನು ಆಗಲೇ ಬಾಗಿಲು ಎಳೆಯಬೇಕಿತ್ತು. ಎಳೆಯಲು ಚಿಮಟವನ್ನು ಎಡಗೈಗೆ ಬದಲಿಸಿದೆ. ಮೊಲ ಮುಟ್ಟಿದ್ದ ಬಲಗೈ ಬಾಗಿಲ ಹಿಡಿಗೆ ಹೋಯಿತು. ಅವಳಿಗೆ ವಾಸನೆ ಬಂದದ್ದು ಕೈಯಿಂದ, ಕೈಯನ್ನೇ ಹಿಡಿದಳು. ಹಾವಿಗೇನು ಗೊತ್ತು.

ಕಚ್ಚಿದ್ದು ನೋವಾಗಲಿಲ್ಲ. ಸುತ್ತಿದ್ದು. ಎರಡು ಸುತ್ತು ತೋಳಿಗೆ, ಒಂದು ಭುಜಕ್ಕೆ. ನೆಲಕ್ಕೆ ಕುಸಿದೆ. ಅಲ್ಲೇ ಗೋಡೆಯ ಬುಡದಲ್ಲಿ ಕೆಳಗಿನ ಕೋಣೆಯ ಗಾಳಿಕೊಳವೆ. ಬಾರ್ಬ್ರೋ, ನನಗೆ ಎಲ್ಲ ಕೇಳಿಸುತ್ತಿತ್ತು. ಒಣಗಿಸುವ ಯಂತ್ರದ ಜಾಲರಿಯಲ್ಲಿ ಕಟ್ಟಿದ ದೂಳನ್ನು ಯಾರು ತೆಗೆಯಬೇಕು ಎಂದು ನೀವಿಬ್ಬರೂ ಜಗಳವಾಡುತ್ತಿದ್ದಿರಿ. "ಹೋದ್ವಾರಾನೂ ನಾನೇ ತೆಗ್ದಿದ್ದು!" ಎಂದು ನೀನು. ನಾನು ನಿನ್ನ ಹೆಸರು ಹಿಡಿದು ಕೂಗಿದೆ. ನಿನಗೆ ಕೇಳಿಸಿತು. ನೀನು ಕೊಳವೆಯ ಕಡೆಗೆ ಕೂಗಿ ಹೇಳಿದೆ: "ಬಂದೆ ಕಣೇ!"

ಆಮೇಲೆ ಮತ್ತೆ ಜಾಲರಿಯ ವಿಚಾರ.

ಆ "ಬಂದೆ ಕಣೇ" ಕೇಳಿ ನಾನು ಕೂಗುವುದನ್ನು ನಿಲ್ಲಿಸಿದೆ. ಬರುತ್ತಾಳಲ್ಲ ಎಂದುಕೊಂಡೆ. ಅದಕ್ಕೇ ಕಾದೆ. ಕೈ ಹೋದದ್ದು ಆಗ.

ಆಸ್ಪತ್ರೆಯಲ್ಲಿ ಫೊರ್ಸ್‌ಲುಂಡ್ ಬಂದು ಕೇಳಿದಾಗ, ನೀನು ಹೋದ ಮೇಲೆ ನಾನೇ ಬಾಗಿಲು ತೆಗೆದೆ ಎಂದೆ. ನೀನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ, ಮುಖದಲ್ಲಿ ರಕ್ತವಿರಲಿಲ್ಲ. ನಿನಗೆ ಟೀರಾ ಬಿಟ್ಟರೆ ಯಾರಿದ್ದಾರೆ ಎನ್ನಿಸಿತು. ಒಂದು ಮಾತು ಹೇಳಿದರೆ ಅವಳು ಉಳಿಯುತ್ತಾಳೆ, ಹೇಳಿದೆ. ಆದರೆ ನೀನು "ಇಲ್ಲ, ಹಾಗಲ್ಲ" ಎನ್ನುತ್ತೀ ಎಂದುಕೊಂಡಿದ್ದೆ. ನೀನು ತಲೆಯಾಡಿಸಿದೆ. ಸಂಘದ ಸಭೆಯಲ್ಲಿ ಹೇಳಬಹುದು ಎಂದುಕೊಂಡೆ. ಆಮೇಲೆ ಕಾಗದ ಬರೆಯಬಹುದು ಎಂದುಕೊಂಡೆ. ನೀನು ಅದನ್ನು ಪಾಠ ಮಾಡಿದೆ.

ಹೆಬ್ಬೆರಳು ಯಾರೂ ವಾಪಸು ಕೊಡಲಾರರು, ನಾನು ಕೇಳುತ್ತಲೂ ಇಲ್ಲ. ಕತೆ ಬಿಡಬೇಡ. ಇಪ್ಪತ್ತೈದನೇ ತಾರೀಖಿನ ತರಗತಿಯಲ್ಲಿ ಹೊಸಬರ ಮುಂದೆ ಸರಿಯಾಗಿ ಹೇಳು. ಇಲ್ಲವಾದರೆ ಇನ್ನು ಬರೆಯಬೇಡ.

ಗುನೆಲ್


ಯೆವ್ಲೆ
೨೬ ಜನವರಿ ೧೯೯೭

ಗುನೆಲ್,

ಹೇಳಿದೆ. ಆದರೆ ನಾನಾಗಿ ಹೇಳಲಿಲ್ಲ, ಅದನ್ನೂ ಬರೆಯಬೇಕು.

ಹದಿನಾಲ್ಕು ಜನ ಬಂದಿದ್ದರು. ಬೀಗ, ದೀಪ, ನೀರು, ಕೈ ತೊಳೆಯುವುದು, ಎಲ್ಲ ಹೇಳಿದೆ. ನಿನ್ನ ಭಾಗ ಬಂತು. ಮುಂದಿನ ಪಾಠಕ್ಕೆ ಹಾರಿದೆ. ಮೊದಲ ಸಾಲಿನಲ್ಲಿ ಕೂತಿದ್ದ ಫೊರ್ಸ್‌ಲುಂಡ್ ಕೈ ಎತ್ತಿದ. "ಗುನೆಲ್ ಕತೆ ಬಿಟ್ರಲ್ಲ ಬಾರ್ಬ್ರೋ, ಅದೇ ತಾನೇ ಮುಖ್ಯವಾದ್ದು?"

ಆಗ ಹೇಳಬಹುದಿತ್ತು. ನನ್ನ ಬಾಯಿ ಹಳೆಯ ಕತೆಯನ್ನೇ ಹೇಳಿತು, ಶುರುವಿನಿಂದ ಕೊನೆವರೆಗೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಎಲ್ಲರೂ ಅಯ್ಯೋ ಎಂದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹಿಂದಿನ ಸಾಲಿನಲ್ಲಿ ಸಿಟಿ ಬಸ್ ಓಡಿಸುವ ಒಬ್ಬ ಹೆಂಗಸು ಕೂತಿದ್ದಳು, ಕೆಲಸದ ಕೋಟಿನಲ್ಲೇ ಬಂದಿದ್ದಳು. ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವಳು ತಲೆ ಎತ್ತಿ ಕೇಳಿದಳು.

"ಒಂದ್ ಅರ್ಥ ಆಗ್ಲಿಲ್ಲ. ಬಾಟ್ಲಿ ಎಲ್ಲಿತ್ತು?"

"ಯಾವ ಬಾಟ್ಲಿ?" ಎಂದೆ.

"ಈಗಷ್ಟೇ ಹೇಳಿದ್ರಲ್ಲ, ಬಾಗ್ಲು ತೆಗೆಯೋ ಮುಂಚೆ ಬಾಟ್ಲಿ ಕೈಲಿರ್ಬೇಕು ಅಂತ. ಅವ್ರೇನೋ ಪೆದ್ದುತನ ಮಾಡಿದ್ರು, ಆಯ್ತು. ಬಾಟ್ಲಿ ಶೆಲ್ಫ್ ಮೇಲಿದ್ದಿದ್ರೆ ಎಡಗೈಲಿ ತಗೊಂಡು ಹಾಕ್ಬೋದಿತ್ತಲ್ವಾ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಫೊರ್ಸ್‌ಲುಂಡ್ ಕೂಡ. ಶೆಲ್ಫಿನ ಮೇಲಿತ್ತು, ಅವಳಿಗೆ ಎಟುಕಲಿಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆಗ ನಿನ್ನ ಕಾಗದದಲ್ಲಿನ ಆ ಎರಡು ಮಾತು ನೆನಪಾಯಿತು, ನಾನು ಕೊಳವೆಯ ಕಡೆ ಕೂಗಿದ್ದು. ಅದು ನನಗೆ ಮರೆತೇಹೋಗಿತ್ತು ಎಂದು ಬರೆಯೋಣ ಎನ್ನಿಸುತ್ತದೆ. ಮರೆತಿರಲಿಲ್ಲ.

"ನನ್ನ ಏಪ್ರನ್ ಜೇಬಲ್ಲಿತ್ತು. ನಾನು ಕೆಳಗೆ ಬಟ್ಟೆ ಒಗೆಯೋ ಕೋಣೇಲಿದ್ದೆ. ಬಾಗ್ಲು ತೆಗೆದ್ ಮೇಲೆ ಹೋಗಿದ್ದು ನಾನು. ಅವಳು ಕೂಗಿದ್ಳು. ಬಂದೆ ಅಂದೆ, ಹೋಗ್ಲಿಲ್ಲ," ಎಂದೆ. ಅಲ್ಲಿಂದ ಮುಂದೆ ಎಲ್ಲವನ್ನೂ ಹೇಳಿದೆ, ಜಾಲರಿಯ ದೂಳಿನವರೆಗೆ. ಯಾರೂ ನಗಲಿಲ್ಲ. ಮೇಜಿನ ಮೇಲಿದ್ದ ಕೇಕನ್ನು ಯಾರೂ ಮುಟ್ಟಲಿಲ್ಲ. ಬಸ್ಸಿನವಳು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡಳು. ಪುಸ್ತಕದಲ್ಲಿ ನಿನ್ನ ಹೆಸರು ಅಳಿಸಿದ್ದು ನನ್ನ ಕಣ್ಣಿಗೆ ಕಂಡಿತು.

ಚೀಟಿಯನ್ನೂ ಫೊರ್ಸ್‌ಲುಂಡ್ ಕೈಗೆ ನಾನೇ ಕೊಟ್ಟೆ, ಖಾಲಿ ಸಾಲುಗಳ ಸಮೇತ. ಅವನು ಅದನ್ನು ಮಡಚಿ ಜೇಬಿಗಿಟ್ಟ. ಆಮೇಲೆ, "ಪಾಠ ಇನ್ಮೇಲೆ ಬೇರೆಯವ್ರು ಮಾಡ್ತಾರೆ. ಹಾವು ಸದ್ಯಕ್ಕೆ ನಿಮ್ಮನೇಲೇ ಇರ್ಲಿ, ಅದನ್ನ ಇಡೋಕೆ ಬೇರೆ ಜಾಗ ಇಲ್ಲ. ಆದ್ರೆ ಇಬ್ರಿಲ್ದೆ ಬಾಗ್ಲು ತೆಗೀಬಾರ್ದು" ಎಂದ. "ನಂಜೊತೆ ಯಾರ್ ನಿಲ್ತಾರೆ?" ಎಂದೆ. "ಅದೂ ಸರಿ," ಎಂದು ಕೋಟು ಹಾಕಿಕೊಂಡ.

ಕ್ಷಮಿಸು ಎಂದು ಬರೆಯಲು ನನಗೆ ಹಕ್ಕಿಲ್ಲ. ಒಬ್ಬಳೇ ಬಾಗಿಲು ತೆಗೆಯುವುದಿಲ್ಲ. ಇಷ್ಟನ್ನು ಮಾತ್ರ ಮಾತು ಕೊಡುತ್ತೇನೆ.

ಬಾರ್ಬ್ರೋ


ಯೆವ್ಲೆ
೨ ಮಾರ್ಚ್ ೧೯೯೭

ಗುನೆಲ್,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದೇನೂ ಇಲ್ಲ. ಆದರೆ ಈ ಕಾಗದದ ಜೊತೆ ಒಂದು ಕಾಗದಪತ್ರವಿದೆ, ಅದಕ್ಕೆ ನೀನು ಬೇಕು.

ಫೆಬ್ರವರಿ ಎಂಟಕ್ಕೆ ಟೀರಾಳ ಪೆಟ್ಟಿಗೆಯನ್ನು ಬೆಚ್ಚಗಿಡುವ ದೊಡ್ಡ ದೀಪ ಆರಿತು. ಬಲ್ಬು ಹೋಗಿತ್ತು, ಬದಲಿಸಲು ಒಂದು ನಿಮಿಷ ಸಾಕು. ಆದರೆ ಅದು ಒಳಗಿದೆ, ಬಾಗಿಲು ತೆಗೆಯಬೇಕು. ನಾನು ನಿನಗೆ ಮಾತು ಕೊಟ್ಟಿದ್ದೆ. ಹೊರಗಿನಿಂದ ಹೀಟರ್ ಇಟ್ಟೆ, ಗಾಜಿಗೆ ಕಂಬಳಿ ಹೊದಿಸಿದೆ. ರೋಲ್ಫ್‌ಗೆ ಫೋನ್ ಮಾಡಿದೆ, ಅವನ ಹೆಂಡತಿ ಎತ್ತಿ ಇಟ್ಟಳು. ಸಂಘದಲ್ಲಿ ನಾಲ್ಕು ಜನರನ್ನು ಕೇಳಿದೆ. ಫೊರ್ಸ್‌ಲುಂಡ್ ಶನಿವಾರ ಬರುತ್ತೇನೆ ಎಂದ, ಶನಿವಾರ ಹಿಮ ಬಿದ್ದು ರಸ್ತೆ ಮುಚ್ಚಿತು. ದಿನವೂ ಗಾಜಿನ ಮುಂದೆ ಕೂತು ಉಷ್ಣಮಾಪಕ ನೋಡುತ್ತಿದ್ದೆ. ಇಪ್ಪತ್ತನಾಲ್ಕು. ಇಪ್ಪತ್ತೆರಡು. ಹತ್ತೊಂಬತ್ತು. ಅಷ್ಟೊಂದು ಸಲ ನಿಯಮ ಮುರಿದಾಗ ಅವಳಿಗೆ ಏನೂ ಆಗಿರಲಿಲ್ಲ ಗುನೆಲ್.

ಒಂಬತ್ತನೇ ದಿನ ನಾಚಿಕೆ ಬಿಟ್ಟು ಮೂರನೇ ಮಹಡಿಗೆ ಹತ್ತಿದೆ. ಏಕ್‌ಮಾರ್ಕ್‌ಗೆ ಈಗ ಎಪ್ಪತ್ತೆರಡು. "ನಾನಾ? ಆ ಹಾವಿನ್ ಮುಂದೆ?" ಎಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಬಾಗಿಲಲ್ಲಿ ಏನೋ ಪ್ರಾರ್ಥನೆ ಹೇಳುತ್ತಾ ನಿಂತಳು. ಕೊನೆಗೆ ತಾನಾಗಿಯೇ ನಿನ್ನ ಮಾತು ತೆಗೆದಳು. "ಆವತ್ತು ಮೇಲಿಂದ ಕೂಗಿದ್ ನಂಗೂ ಕೇಳ್ಸಿತ್ತು. ನೀವ್ ಬಂದೆ ಅಂದ್ರಲ್ಲ, ಜಗಳದ್ ಜೋರಲ್ಲಿ ನಾನೂ ಸುಮ್ನಿದ್ದೆ" ಎಂದಳು. ಅವಳೂ ಎರಡು ವರ್ಷ ಅದನ್ನು ಹೊತ್ತುಕೊಂಡಿದ್ದಾಳೆ.

ಬಲ್ಬು ಹಾಕಿದೆ. ಆದರೆ ಟೀರಾಳ ಬಾಯಿಯಂಚಿನಲ್ಲಿ ಆಗಲೇ ನೊರೆ. ತಲೆ ಮೇಲೆತ್ತಿಕೊಂಡೇ ಇರುತ್ತಾಳೆ, ಉಸಿರು ಸೀಟಿ ಹೊಡೆದಂತೆ. ಪ್ರಾಣಿ ಡಾಕ್ಟರು ಎರಡು ಸಲ ಬಂದು ಚುಚ್ಚುಮದ್ದು ಕೊಟ್ಟರು. ಶ್ವಾಸಕೋಶ ಪೂರ್ತಿ ಹಾಳಾಗಿದೆ, ನರಳಿಸುವುದು ಬೇಡ ಎನ್ನುತ್ತಾರೆ. ಮಾರ್ಚ್ ಹದಿನಾಲ್ಕರ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಚುಚ್ಚುಮದ್ದು.

ಎಪ್ಪತ್ತೊಂಬತ್ತರ ಖರೀದಿ ಕಾಗದದಲ್ಲಿ ಇಬ್ಬರ ಹೆಸರೂ ಇದೆ. ಅದಕ್ಕೇ ಒಪ್ಪಿಗೆಗೆ ಇಬ್ಬರ ಸಹಿ ಬೇಕಂತೆ. ಹೋದ ಸಲ ಸುಳ್ಳು ಸಹಿ ಕೇಳಿದ್ದೆ, ಇದು ನಿಜವಾದದ್ದು. ಎಡಗೈಯದು ಸಾಕು. ಹಾಕಿ ಅಂಚೆಗೆ ಹಾಕು. ಅವಳನ್ನು ಹಿಡಿಯಲು ಡಾಕ್ಟರಿಗೆ ಅವಳನ್ನು ಬಲ್ಲ ಇಬ್ಬರು ಬೇಕು. ಒಬ್ಬಳು ನಾನು. ಇನ್ನೊಬ್ಬರು ಯಾರು ಎಂದು ಗೊತ್ತಿಲ್ಲ. ಏಕ್‌ಮಾರ್ಕ್ ಮುಟ್ಟಲಾರಳು.

ನಿನ್ನನ್ನು ಕರೆಯುತ್ತಿಲ್ಲ. ಕರೆಯುವ ಮುಖ ನನಗಿಲ್ಲ.

ಬಾರ್ಬ್ರೋ


ಲೂಲಿಯೋ
೯ ಮಾರ್ಚ್ ೧೯೯೭

ಬಾರ್ಬ್ರೋ,

ಒಪ್ಪಿಗೆ ಕಾಗದ ಅಂಚೆಗೆ ಹಾಕಿಲ್ಲ. ನನ್ನ ಚೀಲದಲ್ಲಿದೆ.

ಗುರುವಾರ ಸಂಜೆಯ ರೈಲು, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಯೆವ್ಲೆ. ಅಕ್ಕ ಮಾತು ಬಿಟ್ಟಿದ್ದಾಳೆ, ಬಿಡಲಿ. ಸ್ಟೇಷನ್ನಿಗೆ ಬರಬೇಡ, ದಾರಿ ನನಗೆ ಗೊತ್ತು. ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿದಿಲ್ಲ, ಅದನ್ನು ಕೇಳಬೇಡ. ನಾನು ಬರುತ್ತಿರುವುದು ಟೀರಾಳಿಗೆ. ಅವಳಿಗೆ ಇಬ್ಬರು ಬೇಕು.

ಈ ಸಲ ನೀನು ತಲೆಯ ಕಡೆ. ಹಿಂದೆ ನಾನು ನಿಲ್ಲುತ್ತೇನೆ, ಬಾಟಲಿ ನನ್ನ ಎಡಗೈಯಲ್ಲಿರುತ್ತದೆ. ಶುಕ್ರವಾರ ಬಟ್ಟೆ ಒಗೆಯುವ ಸರದಿ ಹಚ್ಚಿಕೊಳ್ಳಬೇಡ.

ನಾನು ಬರುವವರೆಗೆ ಬಾಗಿಲು ತೆಗೆಯಬೇಡ. ಬಂದೆ ಕಣೇ.

ಗುನೆಲ್